ಎರಡು ಕಿಲೋ

ಗಾಡಿ ನಿಲ್ಲದ ಸ್ಟೇಷನ್ನಿಗೂ ಬೀಗ ತೆಗೆಯುವವನೊಬ್ಬ ಬೇಕು.
ಪಾಸೊ ದೆಲ್ ಸೇಯ್ಬೊದಲ್ಲಿ ಅವನು ನಾನು.
ಏಳಕ್ಕೆ ಬಂದು, ಬಾಗಿಲಿಗೆ ಮೊಣಕಾಲಿಂದ ಒಂದು ಕೊಟ್ಟು
(ಇಲ್ಲದಿದ್ದರೆ ಅದು ಏಳುವುದಿಲ್ಲ)
ಯೆರ್ಬಾ ಸೊಪ್ಪಿಗೆ ನೀರು ಕಾಯಲಿಡುತ್ತೇನೆ.

ಟಿಕೆಟ್ ಕಿಂಡಿಯಲ್ಲಿ ಈಗ ನೀರಿನ ಬಿಲ್ಲು ಕಟ್ಟುತ್ತಾರೆ.
ಹೆಂಗಸರ ವೇಟಿಂಗ್ ರೂಮಿನಲ್ಲಿ ಮಂಗಳವಾರ
ಡೆಲ್ಮೀರಾ ಟೀಚರ ಅಕಾರ್ಡಿಯನ್ ಪಾಠ,
ಶುಕ್ರವಾರ ಅದೇ ಬೆಂಚಿಗೆ ಹಲ್ಲಿನ ಡಾಕ್ಟರು;
ಹೊರಗಿಂದ ಕೇಳುವವರಿಗೆ ವಾರ ಯಾವುದೆಂದು ತಿಳಿಯದು.
ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಹುಡುಗರ ಸ್ಕೇಟಿಂಗು.
ಎರಡನೆಯದು ಯಾವತ್ತೂ ಇರಲಿಲ್ಲ,
ಬೋರ್ಡು ಮಾತ್ರ ಬಂದಿತ್ತು, ಹಡಗಿನಲ್ಲಿ.

ಆಮೇಲೆ ಗೋದಾಮು. ನೆಲಕ್ಕೆ ಹೂತ ಕಬ್ಬಿಣದ ಹಲಗೆ,
ಹಿತ್ತಾಳೆಯ ತೋಳು, ತೋಳಿನ ಮೇಲೆ ಜಾರುವ ಗುಂಡು:
ಉಣ್ಣೆ ತಕ್ಕಡಿ.
ನನ್ನಜ್ಜ ಎವರಿಸ್ತೊ ಅದರ ಗುಮಾಸ್ತ.

ಆಗ ಊರೆಂದರೆ ಉಣ್ಣೆ.
ನವೆಂಬರಿನಲ್ಲಿ ಎತ್ತಿನ ಗಾಡಿಗಳು ಹೊಳೆಯ ತನಕ ಸಾಲು,
ಕುರಿಜಿಡ್ಡಿನ ವಾಸನೆ ಚರ್ಚಿನೊಳಗೂ ಹೊಕ್ಕು
ಪಾದ್ರಿ ಪ್ರಾರ್ಥನೆಯ ನಡುವೆ ಸೀನುತ್ತಿದ್ದನಂತೆ.
ಮೂಟೆ ಏರಿತು, ಗುಂಡು ಜಾರಿತು, ಅಜ್ಜ ಕೂಗಿದ, ಬರೆದ.
ಒಂದೊಂದು ಮೂಟೆಗೂ ಎರಡು ಕಿಲೋ ಕಮ್ಮಿ.
ಕಂಪನಿಯವರೇ ಮಾಡಿಸಿದ್ದೋ
ಸಮುದ್ರದ ಮೇಲೆ ಬರುವಾಗ ಕೆಟ್ಟದ್ದೋ, ಗೊತ್ತಿಲ್ಲ.
ತಿದ್ದಿಸಲಿಲ್ಲ ಎನ್ನುವುದು ಗೊತ್ತು.
ಅಜ್ಜನಿಗೂ ಗೊತ್ತಿತ್ತು.
ಗುಲಗಂಜಿಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ
ಮೂವತ್ತೆಂಟು ವರ್ಷ ಅದೇ ಸುಳ್ಳನ್ನು
ದುಂಡಗೆ ಬರೆದ.
ನಮ್ಮ ಮನೆಯ ಸೂರಿಗೆ ತಗಡು ಬಂದದ್ದು ಆ ಸಂಬಳದಿಂದ.

ಕುರಿ ಕಾಯುವ ಸೆಫೆರೀನೊ ಒಮ್ಮೆ
ಔಷಧಿ ಅಂಗಡಿಯಲ್ಲಿ ತನ್ನನ್ನೇ ತೂಗಿಸಿಕೊಂಡು
ಚೀಟಿ ಹಿಡಿದು ನೆಟ್ಟಗೆ ಬಂದು ಹಲಗೆ ಹತ್ತಿದನಂತೆ.
ಎಪ್ಪತ್ತೊಂದಿದ್ದವನು ಅರವತ್ತೊಂಬತ್ತಾದ.
“ದಾರಿಯಲ್ಲಿ ಬೆವರಿರಬೇಕು” ಎಂದ ಅಜ್ಜ.
ಸಾಲಿಗೆ ಸಾಲೇ ನಕ್ಕಿತು.
ಈ ಕತೆಯನ್ನು ಅಜ್ಜ ನಗುತ್ತಲೇ ಶುರು ಮಾಡುತ್ತಿದ್ದ,
ಸೆಫೆರೀನೊ ಚೀಟಿಯನ್ನು ಮಡಚಿ ಜೇಬಿಗಿಟ್ಟ
ಎಂಬಲ್ಲಿಗೆ ಬಂದು ನಿಲ್ಲಿಸುತ್ತಿದ್ದ.

ಕೊನೆಯ ಪ್ಯಾಸೆಂಜರು ಹೋದಾಗ ನನಗೆ ಒಂಬತ್ತು.
ಬ್ಯಾಂಡಿಲ್ಲ, ಭಾಷಣವಿಲ್ಲ.
ನಾಲ್ಕು ಜನ, ಪಂಜರದಲ್ಲೊಂದು ಕೋಳಿ.
ಈಗ ವಾರಕ್ಕೆರಡು ರಾತ್ರಿ ನೀಲಗಿರಿ ದಿಮ್ಮಿಯ ಗೂಡ್ಸು
ನಿಲ್ಲದೆ ಹಾಯುತ್ತದೆ.
ಗಾಜು ಅದುರುತ್ತದೆ; ಮೊಳೆಗೆ ಚುಚ್ಚಿದ ನೀರಿನ ಬಿಲ್ಲುಗಳು
ಮಗ್ಗುಲು ಬದಲಿಸಿ ಮತ್ತೆ ಮಲಗುತ್ತವೆ.

ಗುರುವಾರ ನರ್ಸ್ ಇರ್ಮಾ, ಮಕ್ಕಳ ಲಸಿಕೆ.
ಇಲಾಖೆಯ ತೊಟ್ಟಿಲು-ತಕ್ಕಡಿ ಕೆಟ್ಟು ಎರಡು ವರ್ಷ,
ಅರ್ಜಿ ಎಲ್ಲೋ ಸಿಗ್ನಲ್ಲಿಗೆ ಕಾದು ನಿಂತಿದೆ.
ಅದಕ್ಕೇ ಗೋದಾಮಿನಲ್ಲಿ ಕ್ಯೂ.
ನಮ್ಮ ಹೆಂಗಸರಿಗೆ ಈ ಹಲಗೆಯೆಂದರೆ ಜೀವ,
ಹತ್ತಿದ್ದೇ ತಡ ಎರಡು ಕಿಲೋ ಇಳಿದಿರುತ್ತಾರೆ.

ಅಸುಸೆನಾ ಮಗುವನ್ನೆತ್ತಿಕೊಂಡು ನಿಂತಳು: ಅರವತ್ತನಾಲ್ಕೂವರೆ.
ಬರಿಗೈಯಲ್ಲಿ ನಿಂತಳು: ಐವತ್ತೆಂಟೂವರೆ.
ಇದರಲ್ಲೂ ಎರಡು ಕಿಲೋ ಸುಳ್ಳು, ಅದರಲ್ಲೂ ಎರಡು ಕಿಲೋ ಸುಳ್ಳು.
ಕಳೆದು ನೋಡಿ,
ಸುಳ್ಳನ್ನು ಸುಳ್ಳು ತಿಂದು
ಉಳಿಯುವುದು ಮಗು.
ಆರು. ಹೋದ ತಿಂಗಳು ಐದೂವರೆ.
ಅರ್ಧ ಕಿಲೋಗಿಂತ ಸಣ್ಣ ಲೆಕ್ಕ ಈ ತಕ್ಕಡಿಗೆ ಬಾರದು,
ಇರ್ಮಾ “ಸಾಕು” ಎನ್ನುತ್ತಾಳೆ.
ನಾನು ಕಾರ್ಡಿನಲ್ಲಿ ಬರೆಯುತ್ತೇನೆ.
ನನ್ನ ಆರು, ಅಜ್ಜನ ಆರಿನ ಹಾಗೇ
ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ.

ಆದರೆ ಅದಕ್ಕೂ ಮೊದಲು,
ತಾಯಿ ಒಬ್ಬಳೇ ಹಲಗೆಯ ಮೇಲಿರುವಷ್ಟು ಹೊತ್ತು,
ಮಗುವನ್ನು ಯಾರಾದರೂ ಹಿಡಿದುಕೊಂಡಿರಬೇಕಲ್ಲ.
ಬೆಚ್ಚಗೆ, ಹಾಲು ನಾರುತ್ತ, ನನ್ನ ಗುಂಡಿ ಚೀಪುತ್ತ
ತೂಕಡಿಸುತ್ತದೆ.
ಅದರ ತೂಕ ಎಷ್ಟೆಂದು ಆಗಿನ್ನೂ
ಯಾರೂ ಕೂಗಿರುವುದಿಲ್ಲ.